ಗಂಟಕ್ಕ ಮತ್ತು ದಾರವಿಲ್ಲದ ಎರಡು ತಾಯಿತ

ಆ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ಒಂದು ಸಣ್ಣ ಕೋಣೆ ಇದೆ. ಮೂರು ಸ್ಟ್ರೆಚರ್ ಹಿಡಿಸುತ್ತದೆ, ನಾಲ್ಕನೆಯದು ಬಂದರೆ ಬಾಗಿಲು ಹಾಕಲಾಗುವುದಿಲ್ಲ. ಒಂದು ಕಬ್ಬಿಣದ ಬೀರು, ಒಂದು ಸ್ಟೂಲು, ಗೋಡೆಗೆ ಒಂದು ಮರದ ಹಲಗೆ. ಹಲಗೆಗೆ ಹನ್ನೆರಡು ಮೊಳೆ. ಆ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದವಳು ಗಂಟಕ್ಕ. ಅವಳಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಅವಳ ಕೆಲಸ ಇಷ್ಟೇ. ಒಳಗೆ ಡಾಕ್ಟರು ಕರೆಂಟಿನ ಯಂತ್ರ ಹಚ್ಚುತ್ತಾರೆ, ಮೈಮೇಲೆ ಲೋಹ ಇದ್ದರೆ ಸುಡುತ್ತದೆ. ಅದಕ್ಕೆ ರೋಗಿಯ ಮೈಮೇಲಿರುವ ಬಳೆ, ಉಂಗುರ, ಸರ, ತಾಯಿತ ಎಲ್ಲ ಬಿಚ್ಚಿ ಮೊಳೆಗೆ ಹಾಕಬೇಕು, ರೋಗಿ ಹೊರಗೆ ಬಂದ ಮೇಲೆ ಮತ್ತೆ ಕಟ್ಟಬೇಕು. ಬೇರೆ ಆಯಾಗಳು ಕತ್ತರಿ ಹಾಕುತ್ತಿದ್ದರು. ಗಂಟಕ್ಕ ಹಾಕುತ್ತಿರಲಿಲ್ಲ. ಎಷ್ಟೇ ಬಿಗಿಯಾದ ಗಂಟಿರಲಿ, ಒಂದು ತೊಟ್ಟು ಎಣ್ಣೆ ಬಿಟ್ಟು, ತಲೆಯ ಪಿನ್ನನ್ನು ತೂರಿಸಿ, ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಹೆಸರು ಬಂದದ್ದು ಅದರಿಂದ.

ದೊಡ್ಡ ಸಿಸ್ಟರ್ ಬಹಳ ಸಲ ಹೇಳಿದ್ದರು, "ಗಂಟಕ್ಕಾ, ಮೊಳೆ ಕೆಳಗೆ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ ಹೆಸರು ಬರೆ. ನಿನಗೆ ಬರೆಯೋಕೆ ಆಗದಿದ್ರೆ ನಾನು ಬರೀತೀನಿ."

"ದಾರವೇ ಹೆಸರು ಹೇಳುತ್ತೆ ಸಿಸ್ಟರ್," ಎನ್ನುತ್ತಿದ್ದಳು ಇವಳು.

ಸುಳ್ಳೇನಲ್ಲ. ಬಿಡಿಸಿದ ಮೇಲೂ ದಾರದಲ್ಲಿ ಗಂಟಿನ ಸುಕ್ಕು ಉಳಿಯುತ್ತದೆ. ತಾಯಿ ಕಟ್ಟಿದ ಗಂಟು ಒಂದು ತರ, ಹೆಂಡತಿ ಕಟ್ಟಿದ್ದು ಒಂದು ತರ, ಅಳುತ್ತಾ ಕಟ್ಟಿದ್ದು ಇನ್ನೊಂದು ತರ. ಯಾವ ದೇವರದಾದರೂ ಆಗಲಿ, ಕಟ್ಟಿದ ಕೈ ಯಾವುದೆಂದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಬಿಚ್ಚಿದಂತೆಯೇ ಕಟ್ಟುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಅಕ್ಷರ ಬಾರದವಳಿಗೆ ಅದೊಂದು ಹೆಮ್ಮೆ. ಪ್ಲಾಸ್ಟರ್ ಬೇಡ ಎನ್ನುವುದರ ಹಿಂದೆ ಇದ್ದದ್ದೂ ಅದೇ.

ಕತ್ತರಿ ಹಾಕದೆ ಇರುವುದಕ್ಕೆ ಮಾತ್ರ ಬೇರೆ ಕಾರಣ ಇತ್ತು. ಇದೇ ಕೋಣೆಗೆ ಒಮ್ಮೆ ಅವಳ ಗಂಡನನ್ನು ತಂದಿದ್ದರು. ಅವನ ಮಣಿಕಟ್ಟಿನಲ್ಲಿ ಅವಳೇ ಕಟ್ಟಿದ ಒಂದು ದಾರ ಇತ್ತು. ಬರೀ ದಾರ. ಅದರಲ್ಲಿ ತಾಯಿತ ಇರಲಿಲ್ಲ, ಯಾರೂ ಮಂತ್ರ ಹೇಳಿರಲಿಲ್ಲ. ಭಯವಾಗಿ ಕಟ್ಟಿದ್ದಳು, ಅಷ್ಟೆ. ಯಾರೋ ಅದನ್ನು ಕತ್ತರಿಸಿ ಬಕೆಟ್ಟಿಗೆ ಹಾಕಿದರು. ಗಂಡ ಹೊರಗೆ ಬಂದದ್ದು ಮುಖದ ಮೇಲೆ ಬಟ್ಟೆ ಹೊದ್ದು. ಆವತ್ತು ಬಕೆಟ್ಟಿಗೆ ಬಿದ್ದದ್ದು ಬರೀ ದಾರವೋ, ಇಲ್ಲ ಅದರಲ್ಲಿ ಇನ್ನೇನಾದರೂ ಇತ್ತೋ, ಅವಳಿಗೆ ತಿಳಿಯಲಿಲ್ಲ. ಕೇಳುವುದಾದರೂ ಯಾರನ್ನು? ಮೂರು ತಿಂಗಳ ನಂತರ ಇಲ್ಲೇ ಆಯಾ ಆಗಿ ಸೇರಿದಳು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಕೆಳಗಿನಿಂದ ಒಂದು ಸ್ಟ್ರೆಚರ್ ತರಲು ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಎರಡು ತುರ್ತು ಕೇಸು ಒಳಗೆ ಹೋಗಿಬಿಟ್ಟಿದ್ದವು. ಒಂದು, ಅಪೆಂಡಿಕ್ಸ್ ಒಡೆದುಕೊಂಡ ಹತ್ತೊಂಬತ್ತರ ಹುಡುಗಿ. ಇನ್ನೊಂದು, ಕರುಳು ಸಿಕ್ಕಿಕೊಂಡ ಮುದುಕರು. ಹಿಂದೆ ರೈಲಿನ ಎಂಜಿನ್ ಓಡಿಸುತ್ತಿದ್ದರಂತೆ, ವಾರ್ಡಿನವರೆಲ್ಲ ರೈಲಿನಜ್ಜ ಎನ್ನುತ್ತಿದ್ದರು. ಸ್ಟೂಲಿನ ಮೇಲೆ ಒಂದು ಸ್ಟೀಲ್ ಟ್ರೇ. ಟ್ರೇಯಲ್ಲಿ ಎರಡು ಬೆಳ್ಳಿ ತಾಯಿತ. ದಾರ ಇಲ್ಲ.

"ದಾರ ಎಲ್ಲಮ್ಮ?" ಎಂದಳು ಗಂಟಕ್ಕ, ಹೊಸದಾಗಿ ಬಂದ ನರ್ಸ್ ಹತ್ತಿರ.

"ಡಾಕ್ಟರು ಒಳಗಿಂದ ಕೂಗ್ತಿದ್ರು. ಕತ್ತರಿ ಹಾಕ್ದೆ. ದಾರಕ್ಕೆಲ್ಲ ಅಯೋಡಿನ್ ಮೆತ್ತಿತ್ತು, ಹಳದಿ ಚೀಲಕ್ಕೆ ಹಾಕ್ದೆ. ಗುಡಿಸೋರು ತಗೊಂಡು ಹೋದ್ರು."

"ಯಾವುದು ಯಾರದು?"

"ನಿಮಗೇ ಗೊತ್ತಲ್ಲ ಗಂಟಕ್ಕ. ನೀವು ಯಾವತ್ತೂ ತಪ್ಪಲ್ವಂತೆ."

ಗಂಟಕ್ಕ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಒಂದೇ ಉದ್ದ, ಒಂದೇ ದಪ್ಪ, ಎರಡು ತುದಿಗೂ ಕೆಂಪು ಅರಗು. ಗೇಟಿನ ಹೊರಗೆ ಕೂರುವ ಅಕ್ಕಸಾಲಿ ಎಲ್ಲ ಮತದವರಿಗೂ ಮಾರುವುದು ಇದೇ ಕೊಳವೆ. ಅವನ ಹತ್ತಿರ ಇರುವುದು ಒಂದೇ ಅಚ್ಚು.

ಆಗಲೇ ಹೋಗಿ ದೊಡ್ಡ ಸಿಸ್ಟರಿಗೆ "ನನಗೆ ಗೊತ್ತಾಗ್ತಿಲ್ಲ" ಎಂದುಬಿಟ್ಟಿದ್ದರೆ ಆಗುತ್ತಿತ್ತು. ಎರಡೇ ಪದ. ಅವನ್ನು ಹೇಳಲಿಲ್ಲ. ಬದಲಿಗೆ ಅವಳು ಹೊರಗಿನ ಬೆಂಚಿಗೆ ಹೋದಳು.

ಹುಡುಗಿಯ ತಾಯಿ ಬಟ್ಟೆ ಹೊಲಿಯುವವಳು. ಸೆರಗಿನ ತುದಿಗೆ ಆಗಲೂ ಒಂದು ಸೂಜಿ ಚುಚ್ಚಿಕೊಂಡಿತ್ತು, ಬರುವ ಅವಸರದಲ್ಲಿ ತೆಗೆಯುವುದನ್ನು ಮರೆತಿದ್ದಳು. ಗಂಟಕ್ಕನನ್ನು ಕಂಡದ್ದೇ ಎದ್ದು ನಿಂತಳು.

"ಆಯಮ್ಮ, ಮಗಳ ತಾಯಿತ ಜೋಪಾನ."

"ಜೋಪಾನವಾಗೇ ಇದೆಯಮ್ಮ. ಒಳಗೆ ಏನು ಇಟ್ಟಿದ್ದೀರಿ?" ಸುಮ್ಮನೆ ಮಾತಿಗೆ ಕೇಳಿದ ಹಾಗೆ ಕೇಳಿದಳು.

"ಒಂದು ಚೀಟಿ. ಅವನ ಹೆಸರು ಬರೆದದ್ದು. ನಮ್ಮವನಿಗೆ ರೂಪ ಇಲ್ಲ, ಮುಖ ಇಲ್ಲ, ಚಿತ್ರ ಬರೆಯೋ ಹಾಗಿಲ್ಲ. ಇರೋದು ಹೆಸರೊಂದೇ."

ರೈಲಿನಜ್ಜನ ಹೆಂಡತಿ ಬೆಂಚಿನ ಆ ಕೊನೆಗೆ ಕೂತಿದ್ದರು. ದಪ್ಪ ಗಾಜಿನ ಕನ್ನಡಕ, ತೊಡೆಯ ಮೇಲೆ ಯಜಮಾನರ ಹಲ್ಲಿನ ಸೆಟ್ಟು ಒಂದು ಕರವಸ್ತ್ರದಲ್ಲಿ. ಕೇಳದೆಯೇ ಹೇಳಿದರು, "ನಮ್ಮದರಲ್ಲಿ ಅಮ್ಮನ ಪಾದದ ಮಣ್ಣು ಇದೆ. ದೊಡ್ಡ ಕಣ್ಣು ಅವಳದು. ನೀನು ಎಲ್ಲಿ ನಿಂತರೂ ನಿನ್ನನ್ನೇ ನೋಡ್ತಾಳೆ. ನಮ್ಮ ಯಜಮಾನರಿಗೆ ನಂಬಿಕೆ ಇಲ್ಲ, ನಾನೇ ಜಗಳ ಮಾಡಿ ಕಟ್ಟಿದ್ದು."

ನಿನ್ನನ್ನೇ ನೋಡುತ್ತಾಳೆ ಎಂದ ಕೂಡಲೇ ಗಂಟಕ್ಕನಿಗೆ ಬೆನ್ನ ಮೇಲೆ ಯಾರೋ ಕೈ ಇಟ್ಟ ಹಾಗಾಯಿತು. ಕೋಣೆಗೆ ಬಂದು ಎರಡು ತಾಯಿತವನ್ನೂ ತೂಗಿ ನೋಡಿದಳು. ಒಂದು ಕೂದಲೆಳೆಯಷ್ಟು ಭಾರ ಅನಿಸಿತು. ಚೀಟಿ ಹಗುರ, ಮಣ್ಣು ಭಾರ. ಹಾಗಾದರೆ ಭಾರದ್ದು ಅಜ್ಜನದು. ಮಧ್ಯಾಹ್ನ ಇಬ್ಬರೂ ಹೊರಗೆ ಬಂದಾಗ ಬೀರುವಿನಿಂದ ಹೊಸ ಕಪ್ಪು ದಾರ ತೆಗೆದು ಕಟ್ಟಿದಳು. ಮನೆಯವರು ನೋಡುತ್ತಿದ್ದರು.

ಮೂರನೆಯ ದಿನ ಹುಡುಗಿಗೆ ಜ್ವರ ಏರಿತು.

ಆಪರೇಷನ್ ಆದವರನ್ನು ಮೊದಲ ವಾರ ಒಂದೇ ಹಾಲಿನಲ್ಲಿ ಇಡುತ್ತಾರೆ, ನಡುವೆ ಹಸಿರು ಪರದೆ. ಗಂಟಕ್ಕ ಏನಾದರೊಂದು ನೆಪ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಹುಡುಗಿಯ ತುಟಿ ಬಿಳಿಚಿಕೊಂಡು ಒಡೆದಿತ್ತು. ತಾಯಿ ತಾಯಿತವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಏನೋ ಹೇಳಿಕೊಳ್ಳುತ್ತಿದ್ದಳು. ಆ ಬೆರಳನ್ನು ನೋಡಲು ಗಂಟಕ್ಕನಿಂದ ಆಗಲಿಲ್ಲ. ತಾನು ಕಟ್ಟಿದ್ದು ಬೇರೆಯವರದಾಗಿದ್ದರೆ ಈ ತಾಯಿ ಹಿಡಿದುಕೊಂಡಿರುವುದು ಏನನ್ನು?

ನಾಲ್ಕನೆಯ ದಿನ ಜ್ವರ ನೂರಾ ಮೂರು. ಗಂಟಕ್ಕ ಚಹಾದ ಹೊತ್ತಿಗೆ ಗೇಟಿನ ಹೊರಗೆ ಹೋದಳು. ಅಕ್ಕಸಾಲಿ ತನ್ನ ಸಣ್ಣ ಗಾಜಿನ ಪೆಟ್ಟಿಗೆಯ ಹಿಂದೆ ಕೂತು ಅರಗು ಕಾಯಿಸುತ್ತಿದ್ದ. ಅವಳಿಗಿಂತ ಹತ್ತು ವರ್ಷ ದೊಡ್ಡವನು.

"ಅಣ್ಣಾ, ಚೀಟಿ ಇರೋ ತಾಯಿತಕ್ಕೂ ಮಣ್ಣಿರೋ ತಾಯಿತಕ್ಕೂ ಏನು ವ್ಯತ್ಯಾಸ? ಮಣ್ಣಿನದು ಭಾರ ತಾನೆ?"

"ಹಾಗೇನಿಲ್ಲ ತಂಗಿ. ಚೀಟಿ ಒಳಗೆ ಗಲಗಲ ಅನ್ನುತ್ತೆ, ಅದಕ್ಕೆ ಅರಗು ಜಾಸ್ತಿ ತುಂಬ್ತೀನಿ. ಒಂದೊಂದು ಸಲ ಚೀಟಿಯದೇ ಭಾರ ಆಗುತ್ತೆ."

ಹುಡುಗಿಯ ತಾಯಿ, ಅಜ್ಜನ ಹೆಂಡತಿ ಇಬ್ಬರೂ ಹೋದ ತಿಂಗಳು ಹೊಟ್ಟೆನೋವು ತೋರಿಸಲು ಬಂದಾಗ ಇವನ ಹತ್ತಿರವೇ ಕೊಂಡಿದ್ದರು. ಗಂಟಕ್ಕ ಆ ಇಬ್ಬರ ಗುರುತು ಹೇಳಿ, ಯಾರದು ಭಾರ ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡ.

"ದಿನಕ್ಕೆ ಎಷ್ಟೋ ಮಾಡ್ತೀನಿ. ಯಾವುದಕ್ಕೆ ಎಷ್ಟು ಅರಗು ಹಾಕಿದೆನೋ, ಯಾರಿಗೆ ನೆನಪಿರುತ್ತೆ. ಖಾಲಿ ಕೊಡೋದು ನನ್ನ ಕೆಲಸ, ತುಂಬಿಸೋದು ಅವರವರ ದೇವರ ಕೆಲಸ."

"ತೆಗೆದು ನೋಡಿದ್ರೆ?"

ಅವನು ದೀಪ ಸಣ್ಣ ಮಾಡಿ ಅವಳ ಮುಖ ನೋಡಿದ. "ಅರಗು ಒಡೆದರೆ ಅದರ ಶಕ್ತಿ ಹೋಯ್ತು ಅಂತಾರೆ. ಇವರೂ ಅದನ್ನೇ ಅಂತಾರೆ, ಅವರೂ ಅದನ್ನೇ ಅಂತಾರೆ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ ತಂಗಿ, ದೇವರು ಹೇಗಿದ್ದಾನೆ ಅನ್ನೋದನ್ನ ಇಬ್ಬರು ಒಪ್ಪಿದ್ದು ನಾನು ಕಂಡಿಲ್ಲ. ಅರಗು ಒಡೆಯಬಾರದು ಅನ್ನೋದನ್ನ ಮಾತ್ರ ಎಲ್ಲರೂ ಒಪ್ತಾರೆ."

ಮೇಲೆ ಬರುವಾಗ ಲಿಫ್ಟಿನಲ್ಲಿ ಲಿಫ್ಟಿನವನೊಬ್ಬನೇ ಇದ್ದ. ಅವನು ಬೇರೆ ದಾರಿಯವನು, ಅವನ ಗುರುಗಳು ಸೃಷ್ಟಿ ಮಾಡುವ ದೇವರೇ ಇಲ್ಲ ಎಂದು ಹೇಳಿಕೊಟ್ಟಿದ್ದರಂತೆ. ಅವನ ಮಾತು ಕೇಳಿದರೆ ಸಮಾಧಾನ ಆದೀತು ಎಂದು ಗಂಟಕ್ಕ, ಯಾರದೋ ಕತೆ ಎಂಬಂತೆ ಹೇಳಿದಳು.

"ದೇವರೇ ಇಲ್ಲದ ಮೇಲೆ ಯಾವುದು ಯಾರ ತೋಳಲ್ಲಿದ್ರೇನು?" ಎಂದ ಅವನು.

"ಹಾಗಾದ್ರೆ ತಪ್ಪೇನಿಲ್ಲ ಅಲ್ವಾ?"

"ತಾಯಿತದ್ದು ತಪ್ಪಲ್ಲ. ಗೊತ್ತಿಲ್ಲದೆ ಗೊತ್ತು ಅಂದದ್ದಿದೆಯಲ್ಲ, ಅದು ತಪ್ಪು. ಅದು ತಿರುಗಿ ಬರುತ್ತೆ. ತಡೆಯೋಕೆ ನಡುವೆ ದೇವರೂ ಇಲ್ಲವಲ್ಲ, ಯಾರ ಕಾಲಿಗೂ ಬೀಳೋ ಹಾಗಿಲ್ಲ." ಆಮೇಲೆ ಅವಳ ಮುಖ ನೋಡಿ, "ಯಾಕೆ ಗಂಟಕ್ಕ, ಲಿಫ್ಟ್ ಸರಿಯಾಗೇ ಇದೆ, ಕಂಬಿ ಯಾಕೆ ಹಿಡ್ಕೊಂಡಿದ್ದೀರಿ?" ಎಂದ.

ರೂಪವಿಲ್ಲದವನು ಒಬ್ಬ, ದೊಡ್ಡ ಕಣ್ಣಿನವಳು ಒಬ್ಬಳು, ಇಲ್ಲವೇ ಇಲ್ಲದವನು ಇನ್ನೊಬ್ಬ. ಯಾರಿಗೆ ಹೆದರಬೇಕು ಎಂದು ಗೊತ್ತಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಸಿಟ್ಟಾದವರು ಯಾರೆಂದೇ ತಿಳಿಯದೆ ಅವಳು ಕಾರಿಡಾರಿನಲ್ಲಿ ನಿಂತಳು. ಹಾಲಿನ ಒಳಗಿಂದ ಹುಡುಗಿ ನರಳುವುದು ಕೇಳಿಸುತ್ತಿತ್ತು. ಸಣ್ಣ ದನಿ, ಬಾವಿಯೊಳಗಿಂದ ಬಂದ ಹಾಗೆ.

ದೊಡ್ಡ ಸಿಸ್ಟರ್ ಬಟ್ಟೆ ಎಣಿಸುತ್ತಿದ್ದರು. ಗಂಟಕ್ಕ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದಳು. ಈ ಸಲ ಯಾರದೋ ಕತೆ ಎಂದು ಹೇಳಲಿಲ್ಲ.

ಸಿಸ್ಟರ್ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಕೊರಳ ಸಣ್ಣ ಸರವನ್ನು ಒಮ್ಮೆ ಮುಟ್ಟಿಕೊಂಡರು. "ನಮ್ಮ ದೇವರು ತಂದೆ ಇದ್ದ ಹಾಗೆ ಗಂಟಕ್ಕ. ಒಪ್ಪಿಕೊಂಡರೆ ಕ್ಷಮಿಸ್ತಾನೆ."

"ಹಾಗಾದ್ರೆ ನಿಮ್ಮ ದೇವರ ಹತ್ರವೇ ಹೇಳ್ತೀನಿ ಸಿಸ್ಟರ್. ಅವರ ಹತ್ರ ಹೇಳೋದು ಬೇಡ."

"ನನ್ನ ದೇವರಿಗೆ ಹೇಳೋದು ಆಮೇಲೆ. ಮೊದಲು ಅವರಿಗೆ ಹೇಳು. ನಾನೂ ಬರ್ತೀನಿ."

"ಕೆಲಸ ಹೋಗುತ್ತಾ?"

"ಗೊತ್ತಿಲ್ಲ," ಎಂದರು ಸಿಸ್ಟರ್. ಎಷ್ಟು ಸಲೀಸಾಗಿ ಗೊತ್ತಿಲ್ಲ ಎನ್ನುತ್ತಾರೆ ಇವರು, ಎಂದುಕೊಂಡಳು ಗಂಟಕ್ಕ.

ಪರದೆ ಸರಿಸಿ ಎರಡು ಮಂಚದ ನಡುವೆ ನಿಂತು ಹೇಳಿದಳು. ದಾರ ಇರಲಿಲ್ಲ, ನನಗೆ ಗುರುತು ಸಿಗಲಿಲ್ಲ, ಗೊತ್ತಿದ್ದವಳ ಹಾಗೆ ಕಟ್ಟಿಬಿಟ್ಟೆ. ಯಾವುದು ಯಾರ ತೋಳಲ್ಲಿದೆ ನನಗೆ ಗೊತ್ತಿಲ್ಲ.

ಹುಡುಗಿಯ ತಾಯಿ ತಾಯಿತ ಹಿಡಿದಿದ್ದ ಬೆರಳನ್ನು ಸುಟ್ಟುಕೊಂಡವಳ ಹಾಗೆ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಮುಟ್ಟಲು ಹೋದಳು, ಮುಟ್ಟಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು.

ಅಜ್ಜಿಗೆ ಸಿಟ್ಟು ಬಂತು. "ನಾಲ್ಕು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ? ದಿನಾ ಬಂದು ಹಾಸಿಗೆ ಸರಿ ಮಾಡಿ ಹೋಗ್ತಿದ್ದೆ. ಎಷ್ಟು ಒಳ್ಳೆ ಹೆಂಗಸು ಅಂದ್ಕೊಂಡಿದ್ದೆ ನಾನು."

"ಬಿಡೇ," ಎಂದರು ರೈಲಿನಜ್ಜ ಮಂಚದಿಂದ. "ಹಳೇ ಎಂಜಿನ್ನು. ಯಾವ ಡಬ್ಬಿ ಹಚ್ಚಿದರೂ ಎಳೆಯುತ್ತೆ."

"ನೀವು ಸುಮ್ಮನಿರಿ. ನಿಮಗೆ ನಂಬಿಕೆ ಇಲ್ಲ."

"ಇಲ್ಲ ಅಂತಲೇ ಧೈರ್ಯವಾಗಿದ್ದೀನಿ." ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, ಹೆಂಡತಿ ಅತ್ತ ತಿರುಗಿದಾಗ, ಗಂಟಕ್ಕನ ಸೀರೆಯ ಅಂಚು ಹಿಡಿದು ಮೆಲ್ಲಗೆ ಕೇಳಿದರು, "ನಿಜವಾಗ್ಲೂ ಇದು ನನ್ನದಲ್ವಾ ತಾಯಿ?" ಗಂಟಕ್ಕ ಅವರ ಕಣ್ಣು ನೋಡಿದಳು. ನಂಬದ ಮನುಷ್ಯನೇ ಹೆದರಿದ್ದ. ತಾನು ಅವರಿಂದ ತೆಗೆದುಕೊಂಡದ್ದು ಏನು ಎಂದು ಆಗ ಅವಳಿಗೆ ಸ್ವಲ್ಪ ತಿಳಿದ ಹಾಗಾಯಿತು, ತಿಳಿದು ಇನ್ನೂ ಹೆದರಿಕೆಯಾಯಿತು.

ಅದಲುಬದಲು ಮಾಡೋಣವೇ ಎಂದರೆ, ಈಗ ಇರುವುದೇ ಸರಿಯಿದ್ದರೆ? ಒಡೆದು ನೋಡೋಣವೇ ಎಂದು ಸಿಸ್ಟರ್ ಕೇಳಿದ್ದಕ್ಕೆ ಇಬ್ಬರು ಹೆಂಗಸರೂ ಒಟ್ಟಿಗೆ ಬೇಡ ಎಂದರು.

ಹುಡುಗಿಯ ತಾಯಿ ಮೊದಲ ಸಲ ಅಜ್ಜಿಯ ಕಡೆ ತಿರುಗಿದಳು. "ಅಕ್ಕಾ, ನಮ್ಮದು ನಿಮ್ಮ ಯಜಮಾನರ ತೋಳಲ್ಲಿದ್ರೆ ಅವರಿಗೋಸ್ಕರವೂ ನಾನು ಬೇಡ್ಕೋತೀನಿ. ನೀವು ನಿಮ್ಮಮ್ಮನಿಗೆ ನನ್ನ ಮಗಳ ಹೆಸರು ಹೇಳಿ."

"ನಮ್ಮಮ್ಮನಿಗೆ ಹೆಸರು ಬೇಕಾಗಿಲ್ಲ. ಅವಳಿಗೆ ಕಣ್ಣಿದೆ. ನಿಮ್ಮವನಿಗೆ ಕಣ್ಣೇ ಇಲ್ಲ ಅಂತೀಯ, ನಮ್ಮವರನ್ನ ಹೇಗೆ ಗುರುತು ಹಿಡೀತಾನೆ?"

"ಕಣ್ಣಿಲ್ಲದೆಯೇ ಎಲ್ಲ ಕಾಣುತ್ತೆ ಅವನಿಗೆ. ಮುಖ ಇದ್ರೆ ಬೆನ್ನ ಹಿಂದಿನದು ಹೇಗೆ ಕಾಣುತ್ತೆ ಅಕ್ಕಾ?"

"ಮುಖವೇ ಇಲ್ಲದವನ ಮುಂದೆ ಹೇಗಮ್ಮ ಅಳ್ತೀಯ?"

"ಅಳ್ತೀನಿ. ದಿನಾ ಅಳ್ತೀನಿ."

"ನೀವಿಬ್ಬರೂ ಇತ್ಯರ್ಥ ಮಾಡೋ ಹೊತ್ತಿಗೆ," ಎಂದರು ಅಜ್ಜ, "ನಾನೂ ಈ ಹುಡುಗೀನೂ ಅಲ್ಲಿಗೇ ಹೋಗಿ ಕಣ್ಣಾರೆ ನೋಡಿರ್ತೀವಿ."

ಆಚೆ ಮಂಚದಲ್ಲಿ ಹುಡುಗಿ ಒಮ್ಮೆ ನರಳಿದಳು. ಅಜ್ಜಿ ಕನ್ನಡಕ ತೆಗೆದು ಒರೆಸಿದರು, ಎದ್ದು ಆ ಮಂಚದ ಹತ್ತಿರ ಹೋದರು, ಹುಡುಗಿಯ ಹಣೆಯ ಮೇಲೆ ಕೈ ಇಟ್ಟು ತಕ್ಷಣ ತೆಗೆದರು. ಅಷ್ಟು ಬಿಸಿ. "ಹೆಸರೇನು ಹೇಳು," ಎಂದರು ತಾಯಿಗೆ. ಅವಳು ಹೇಳಿದಳು. ಅಜ್ಜಿ ಬಾಯೊಳಗೇ ಎರಡು ಸಲ ಹೇಳಿಕೊಂಡರು, ಪಾಠ ಮರೆತುಹೋದೀತೆಂದು ಹೆದರಿದವರ ಹಾಗೆ.

ಹೊರಡುವಾಗ ಹುಡುಗಿಯ ತಾಯಿ ಗಂಟಕ್ಕನನ್ನು ತಡೆದಳು. "ಆಯಮ್ಮ, ಕೈಯಲ್ಲಿ ಹಿಡಿದಾಗ ನಿಮಗೆ ಏನಾದ್ರೂ ಅನಿಸ್ತಾ? ಒಂದು ಬಿಸಿ, ಒಂದು ನಡುಕ, ಏನಾದ್ರೂ?"

ಹೌದು ಎನ್ನಬಹುದಿತ್ತು. ಆ ತಾಯಿ ಅದಕ್ಕೇ ಕಾದಿದ್ದಳು. ಗಂಟಕ್ಕ ಅವಳ ಸೆರಗಿನ ಸೂಜಿಯನ್ನೇ ನೋಡುತ್ತಾ, "ಇಲ್ಲಮ್ಮ," ಎಂದಳು. "ಏನೂ ಅನಿಸಲಿಲ್ಲ. ಬರೀ ಭಯ ಅನಿಸಿತು."

"ಹಾಗಾದ್ರೆ ಸರಿ," ಎಂದಳು ಅವಳು. ಹೋಗಿ ತಾಯಿತವನ್ನು ಮತ್ತೆ ಎರಡು ಬೆರಳಲ್ಲಿ ಹಿಡಿದುಕೊಂಡಳು. ಈ ಸಲ ಹಗುರವಾಗಿ, ಪರರ ಮನೆಯ ಮಗುವಿನ ಕೈ ಹಿಡಿದ ಹಾಗೆ.

ಮರುದಿನ ಡಾಕ್ಟರು ಗಾಯ ಬಿಚ್ಚಿ ನೋಡಿದರು. ಒಳಗೆ ಕೀವು ನಿಂತಿತ್ತು. ಅದನ್ನು ತೆಗೆದು ಔಷಧಿ ಬದಲಿಸಿದರು. ಜ್ವರ ಇಳಿಯಲು ಇನ್ನೂ ಮೂರು ದಿನ ಹಿಡಿಯಿತು. ಆ ಮೂರು ದಿನ ಗಂಟಕ್ಕನಿಗೆ ಊಟ ಮಾಡಿದ್ದು ನೆನಪಿಲ್ಲ. ಥರ್ಮಾಮೀಟರ್ ಓದಲು ಬಾರದ ಅವಳು ನರ್ಸಿನ ಹುಬ್ಬು ನೋಡಿ ಓದುತ್ತಿದ್ದಳು. ಅಜ್ಜನ ಕರುಳು ಒಮ್ಮೆ ಮುಷ್ಕರ ಹೂಡಿ ಆಮೇಲೆ ದಾರಿಗೆ ಬಂತು. ಔಷಧಿ ಕೆಲಸ ಮಾಡಿತು ಎಂದರು ಡಾಕ್ಟರು. ಅಜ್ಜಿಯೂ ಹುಡುಗಿಯ ತಾಯಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಡಾಕ್ಟರಿಗೆ ಕೈ ಮುಗಿದರು. ಯಾರು ವಾಸಿ ಮಾಡಿದ್ದು ಎಂದು ಅವರಲ್ಲಿ ಮತ್ತೆ ಮಾತು ಬರಲಿಲ್ಲ. ಬಂದರೆ ಜಗಳವಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಕೆಲಸ ಹೋಗಲಿಲ್ಲ. ತಪ್ಪಾಯಿತು ಎಂದು ಬರೆದ ಒಂದು ಕಾಗದದ ಮೇಲೆ ಆಫೀಸಿನವರು ಹೆಬ್ಬೆಟ್ಟು ಒತ್ತಿಸಿಕೊಂಡರು. ಹನ್ನೊಂದನೆಯ ದಿನ ಇಬ್ಬರು ರೋಗಿಗಳೂ ಒಂದೇ ಲಿಫ್ಟಿನಲ್ಲಿ ಕೆಳಗೆ ಹೋದರು, ತೋಳಿನಲ್ಲಿ ಇದ್ದದ್ದನ್ನು ಇದ್ದಂತೆಯೇ ಇಟ್ಟುಕೊಂಡು. ಯಾವ ಮನೆಗೆ ಯಾವುದು ಹೋಯಿತೋ ಯಾರಿಗೂ ತಿಳಿಯದು.

ಈಗ ಹಲಗೆಯ ಪ್ರತಿ ಮೊಳೆಯ ಕೆಳಗೆ ಬಿಳಿ ಪ್ಲಾಸ್ಟರ್ ಇದೆ. ಸಿಸ್ಟರ್ ಬರೆದ ಹೆಸರಿನ ಪಕ್ಕ ಗಂಟಕ್ಕ ರೋಗಿಯ ಚೀಟಿಯನ್ನು ಹಿಡಿದು, ಒಂದೊಂದು ಅಕ್ಷರವನ್ನೂ ಬೆರಳಿನಿಂದ ತಿದ್ದಿ ನೋಡಿ ಹೊಂದಿಸುತ್ತಾಳೆ. ಗಂಟನ್ನು ಈಗಲೂ ಬಿಡಿಸುತ್ತಾಳೆ, ಆದರೆ ಮೊದಲಿನಷ್ಟು ಬೇಗ ಅಲ್ಲ. ತಾಯಿತವನ್ನು, ಕೈಯಲ್ಲಿರುವುದು ಏನೆಂದು ಗೊತ್ತಿಲ್ಲದವಳು ಹೇಗೆ ಹಿಡಿಯಬೇಕೋ ಹಾಗೆ ಹಿಡಿಯುತ್ತಾಳೆ.

ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅವಳು ಸ್ಟೂಲಿನಿಂದ ಅರ್ಧ ಏಳುತ್ತಾಳೆ. ಸ್ಟ್ರೆಚರ್ ಮೇಲಿರುವವರ ಮುಖ ನೋಡುತ್ತಾಳೆ, ಆ ಹುಡುಗಿಯೋ, ಆ ಅಜ್ಜನೋ ಎಂದು. ಅಲ್ಲ ಎಂದು ಖಾತ್ರಿಯಾದ ಮೇಲೆ ತೋಳು ನೋಡುತ್ತಾಳೆ. ಆಮೇಲೆ ಎಣ್ಣೆಯ ಸೀಸೆಗೆ ಕೈ ಹಾಕುತ್ತಾಳೆ.